ಬಿಳಿ ರಕ್ತಕಣ ಸರಿಯಿದ್ದರೂ ಐಸಿಯು ಏಕೆ?

ಕೊರೊನಾ ಸೋಂಕಿನಿಂದ ಆಸ್ಪತ್ರೆ ಸೇರಿದ ದಿನ ನಿಮ್ಮ ತಂದೆಯವರಿಗೆ ಜ್ವರವಿರಲಿಲ್ಲ, ಬಿಳಿ ರಕ್ತಕಣ 6,200 ಇತ್ತು, ಆದರೂ ಮೂರನೇ ದಿನ ಐಸಿಯುಗೆ ಒಯ್ದರು ಎಂದು ಬರೆದಿದ್ದೀರಿ. ದೇಹದಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ ಒಂದು ಲ್ಯಾಬಿನಲ್ಲಿ 8, ಇನ್ನೊಂದರಲ್ಲಿ 85 ಬಂದದ್ದರಿಂದ ರಿಪೋರ್ಟೇ ತಪ್ಪಿರಬೇಕು ಎಂಬುದು ನಿಮ್ಮ ಅನುಮಾನ. ಕಳಿಸಿರುವ ಪ್ರತಿಗಳಲ್ಲಿ ತಪ್ಪೇನೂ ಕಾಣುವುದಿಲ್ಲ.

ಒಟ್ಟು ಸಂಖ್ಯೆಯ ಕೆಳಗಿನ ಸಾಲು ನೋಡಿ: ಲಿಂಫೋಸೈಟ್ (ವೈರಸ್ ವಿರುದ್ಧ ಹೋರಾಡುವ ಬಗೆಯ ಬಿಳಿ ರಕ್ತಕಣ) ಶೇ 9. 6,200ನ್ನು 9ರಿಂದ ಗುಣಿಸಿ 100ರಿಂದ ಭಾಗಿಸಿದರೆ 558. ವಯಸ್ಕರಲ್ಲಿ ಇದು 1,000ಕ್ಕಿಂತ ಮೇಲಿರಬೇಕು. ಲಿಂಫೋಸೈಟ್ ಕುಸಿದ ಜಾಗವನ್ನು ಇನ್ನೊಂದು ಬಗೆಯ ಬಿಳಿ ರಕ್ತಕಣವಾದ ನ್ಯೂಟ್ರೋಫಿಲ್ ತುಂಬಿದ್ದರಿಂದ ಒಟ್ಟು ಲೆಕ್ಕ ಸರಿಯಾಗಿ ಕಂಡಿದೆ. ಈ ರೋಗದಲ್ಲಿ ಇದು ತೀರಾ ಸಾಮಾನ್ಯ. 2020ರ ಆರಂಭದಲ್ಲಿ ಚೀನಾದಿಂದ ಬಂದ 1,099 ರೋಗಿಗಳ ವರದಿಯಲ್ಲಿ, ದಾಖಲಾಗುವಾಗಲೇ ಶೇ 83 ಮಂದಿಗೆ ಲಿಂಫೋಸೈಟ್ 1,500ಕ್ಕಿಂತ ಕಡಿಮೆಯಿತ್ತು. ಆ ಹೊತ್ತಿಗೆ ಜ್ವರವಿದ್ದದ್ದು ಶೇ 44 ಮಂದಿಗೆ ಮಾತ್ರ. ಆಸ್ಪತ್ರೆಯಲ್ಲಿದ್ದಾಗ ಅದು ಶೇ 89ಕ್ಕೆ ಏರಿತು. ಜ್ವರವಿಲ್ಲ ಎಂದು ನೆಮ್ಮದಿಯಾಗಿರುವಂತಿಲ್ಲ.

ಸಿಆರ್‌ಪಿ ಗೊಂದಲ ಬರೀ ಅಳತೆಯದು. ಮೊದಲ ಲ್ಯಾಬ್ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟಿದೆ, ಎರಡನೆಯದು ಲೀಟರಿಗೆ. 8 ಎಂದರೆ ಅಲ್ಲಿ 80. ಎರಡೂ ಹೆಚ್ಚುಕಡಿಮೆ ಒಂದೇ, ಎರಡೂ ಬಹಳ ಹೆಚ್ಚು. ರಕ್ತ ಹೆಪ್ಪುಗಟ್ಟುವಿಕೆಯ ಸುಳಿವು ಕೊಡುವ ಡಿ-ಡೈಮರ್‌ನಲ್ಲೂ ಇದೇ ಪೇಚು: 500 ನ್ಯಾನೋಗ್ರಾಂ ಮತ್ತು 0.5 ಮೈಕ್ರೋಗ್ರಾಂ ಒಂದೇ. ಅದನ್ನು ಅಳೆಯಲು ಎಫ್‌ಇಯು, ಡಿಡಿಯು ಎಂಬ ಎರಡು ಮಾನಗಳಿವೆ; ಎಫ್‌ಇಯು ಎಂದು ಬರೆದಿದ್ದರೆ ಅಂಕಿ ಡಿಡಿಯು ಲೆಕ್ಕದ ಸುಮಾರು ಇಮ್ಮಡಿ ಇರುತ್ತದೆ. ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ, ದಿನಾಂಕದ ಪಕ್ಕದಲ್ಲಿ ರೋಗದ ಎಷ್ಟನೇ ದಿನ ಎಂದೂ ಬರೆದಿಡಿ. ಲಕ್ಷಣ ಶುರುವಾದ ಐದರಿಂದ ಹತ್ತನೇ ದಿನದ ನಡುವೆ ಉಸಿರಾಟ ಹದಗೆಡುವುದು ಹೆಚ್ಚು. ಆಗ ಲಿಂಫೋಸೈಟ್ ಇಳಿಯುತ್ತ ಸಿಆರ್‌ಪಿ ಮತ್ತು ಉರಿಯೂತ, ಅಂಗಾಂಶ ಹಾನಿಯ ಸುಳಿವು ಕೊಡುವ ಫೆರಿಟಿನ್, ಎಲ್‌ಡಿಎಚ್ ಏರುತ್ತಿದ್ದರೆ ವೈದ್ಯರು ಚುರುಕಾಗುತ್ತಾರೆ.

ಆದರೆ ಐಸಿಯುಗೆ ಒಯ್ಯುವುದನ್ನು ಮುಖ್ಯವಾಗಿ ನಿರ್ಧರಿಸುವುದು ಉಸಿರು. ರಕ್ತದ ಆಮ್ಲಜನಕ ಶೇ 86ಕ್ಕೆ ಇಳಿದಿದ್ದರೂ ಆರಾಮವಾಗಿ ಮಾತಾಡುವ ರೋಗಿಗಳಿರುತ್ತಾರೆ. ಎದೆಯ ಏರಿಳಿತವನ್ನು ಪೂರ್ತಿ 60 ಸೆಕೆಂಡು ಎಣಿಸಬೇಕು; 30 ದಾಟಿದರೆ ಅಪಾಯ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಆಕ್ಸಿಮೀಟರ್ ನಂಬುವಂತಿಲ್ಲ. ಕಪ್ಪು ಚರ್ಮದವರಲ್ಲಿ ಅದು ನಿಜಕ್ಕಿಂತ ಹೆಚ್ಚು ತೋರಿಸಬಹುದು.

ಸ್ಟೀರಾಯ್ಡ್ ಮೊದಲ ದಿನವೇ ಏಕೆ ಕೊಡಲಿಲ್ಲ ಎಂದೂ ಕೇಳಿದ್ದೀರಿ. ಬ್ರಿಟನ್ನಿನ 2020ರ ರಿಕವರಿ ಎಂಬ ಔಷಧ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ದಿನಕ್ಕೆ 6 ಮಿಲಿಗ್ರಾಂನಂತೆ ಹತ್ತು ದಿನಗಳವರೆಗೆ, ಆಮ್ಲಜನಕ ಬೇಕಾದವರ ಜೀವ ಉಳಿಸಿತು. ಬೇಡವಾಗಿದ್ದವರಿಗೆ ಪ್ರಯೋಜನ ಕಾಣಲಿಲ್ಲ. ಕಾದದ್ದು ಅಸಡ್ಡೆಯಲ್ಲ. ಸ್ಟೀರಾಯ್ಡ್ ಶುರುವಾದ ಮೇಲೆ ಬಿಳಿ ರಕ್ತಕಣ 14,000 ಆಯಿತೆಂದು ಗಾಬರಿಯಾಗಿದ್ದೀರಿ. ಈ ಔಷಧಿಯಿಂದಲೇ ನ್ಯೂಟ್ರೋಫಿಲ್ ಏರುತ್ತದೆ. ಬ್ಯಾಕ್ಟೀರಿಯಾ ಸೋಂಕೂ ಸೇರಿದೆಯೇ ಎಂದು ತಿಳಿಯಲು ಪ್ರೊಕ್ಯಾಲ್ಸಿಟೋನಿನ್ ಎಂಬ ರಕ್ತಪರೀಕ್ಷೆ ಮತ್ತು ಕಲ್ಚರ್ (ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂಬ ಪರೀಕ್ಷೆ) ನೋಡುತ್ತಾರೆ. ಸಕ್ಕರೆಯೂ ಏರುವುದರಿಂದ, ಮಧುಮೇಹ ಇಲ್ಲದಿದ್ದರೂ ಅದನ್ನು ಅಳೆಯುತ್ತಿದ್ದಾರೆಯೇ ಎಂದು ಕೇಳಿ.