ಪೌರತ್ವ ಇಲ್ಲಿನದು, ಓಟು ಅಲ್ಲಿ ಉಂಟೇ?

ಪ್ರಶ್ನೆ: ಮಗಳು ಡಬ್ಲಿನ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಹೋಗಿ ಹದಿನಾಲ್ಕು ತಿಂಗಳಾಯಿತು, ಪಾಸ್‌ಪೋರ್ಟ್ ಭಾರತದ್ದೇ. ಅಲ್ಲಿನ ಕೌನ್ಸಿಲ್ ಚುನಾವಣೆಯಲ್ಲಿ ಅವಳಿಗೂ ಓಟಿದೆ ಎಂದು ಜತೆಯವರು ಹೇಳುತ್ತಾರಂತೆ. ನಿಜವೇ? ಹಾಕಿದರೆ ಇಲ್ಲಿನ ಪೌರತ್ವಕ್ಕೆ ತೊಂದರೆಯಾಗದೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ನಿಜ. ಐರ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗೆ ಓಟು ಹಾಕಲು 18 ವರ್ಷ ತುಂಬಿರಬೇಕು, ಅಲ್ಲಿ ವಾಸವಾಗಿರಬೇಕು, ಅಷ್ಟೇ. ಯಾವ ದೇಶದವರು, ಬಂದು ಎಷ್ಟು ವರ್ಷವಾಯಿತು ಎಂಬ ಲೆಕ್ಕವಿಲ್ಲ. ಚುನಾವಣೆಗೆ ನಿಲ್ಲಲೂಬಹುದು. ನೈಜೀರಿಯಾದಿಂದ ಆಶ್ರಯ ಕೋರಿ ಬಂದ ರೊಟಿಮಿ ಅಡೆಬಾರಿ 2004ರಲ್ಲಿ ಪೋರ್ಟ್‌ಲೀಷ್ ಪಟ್ಟಣದ ಕೌನ್ಸಿಲರ್ ಆಗಿ, 2007ರಲ್ಲಿ ಮೇಯರ್ ಆದರು.

ಆದರೆ ಹೆಸರು ತಾನಾಗಿ ಪಟ್ಟಿಗೆ ಬರುವುದಿಲ್ಲ. ನಮ್ಮವರು ಎಡವುವುದು ಇಲ್ಲೇ. ‘ಚೆಕ್ ದಿ ರಿಜಿಸ್ಟರ್’ ಜಾಲತಾಣದಲ್ಲಿ ಪಿಪಿಎಸ್ ಸಂಖ್ಯೆ (ಅಲ್ಲಿ ಪ್ರತಿಯೊಬ್ಬರಿಗೂ ಸರ್ಕಾರ ಕೊಡುವ ಗುರುತಿನ ಸಂಖ್ಯೆ), ಹುಟ್ಟಿದ ದಿನಾಂಕ, ಮನೆಯ ಏರ್‌ಕೋಡ್ (ಅಲ್ಲಿನ ಪಿನ್‌ಕೋಡ್) ಕೊಟ್ಟು ಅರ್ಜಿ ಹಾಕಬೇಕು. ಪಿಪಿಎಸ್ ದಾಖಲೆಯಲ್ಲಿ ಹೆಸರು ಹೇಗಿದೆಯೋ ಇಲ್ಲೂ ಹಾಗೇ ಬರೆಯಲಿ; ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ತಂದೆಯ ಪೂರ್ತಿ ಹೆಸರು ಬೇಡ. ಬಾಡಿಗೆ ಮನೆ ಬದಲಾಯಿಸಿದಾಗ ವಿಳಾಸವನ್ನೂ ಬದಲಾಯಿಸಬೇಕು. ಮತದಾನಕ್ಕೆ 15 ದಿನ ಮೊದಲೇ ಇದೆಲ್ಲ ಮುಗಿಯಬೇಕು, ಆ ಎಣಿಕೆಯಲ್ಲಿ ಭಾನುವಾರ, ರಜಾದಿನ ಸೇರುವುದಿಲ್ಲ. 2024ರ ಜೂನ್ 7ರ ಚುನಾವಣೆಗೆ ಮೇ 20 ಕೊನೆಯ ದಿನವಾಗಿತ್ತು. ಮುಂದಿನದು 2029ರಲ್ಲಿ, ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ, ಈಗಲೇ ಸೇರಿಸಲಿ.

ಮತಪಟ್ಟಿಯಲ್ಲಿ ಅವರ ಹೆಸರಿನ ಪಕ್ಕ ‘ಎಲ್’ ಅಕ್ಷರವಿರುತ್ತದೆ, ಅಂದರೆ ಸ್ಥಳೀಯ ಓಟು ಮಾತ್ರ. ಸಂಸತ್ತು, ಅಧ್ಯಕ್ಷರ ಚುನಾವಣೆ, ಜನಮತಗಣನೆ ಯಾವುದಕ್ಕೂ ಇಲ್ಲ.

ಓಟು ಹಾಕುವ ಬಗೆಯೂ ಬೇರೆ. ಬಟನ್ ಇಲ್ಲ, ಮುದ್ರೆಯಿಲ್ಲ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿರುವಂತೆ ಹೆಸರುಗಳ ಮುಂದೆ 1, 2, 3 ಎಂದು ಬರೆಯಬೇಕು. ಐದು ಸ್ಥಾನಗಳ ಕ್ಷೇತ್ರದಲ್ಲಿ 12,000 ಸಿಂಧು ಮತ ಬಿದ್ದರೆ ಅದನ್ನು ಆರರಿಂದ ಭಾಗಿಸಿ ಒಂದು ಕೂಡಿಸುತ್ತಾರೆ: 2,001 ಮತ ಪಡೆದವರು ಗೆದ್ದಂತೆ. ಮಿಕ್ಕ ಮತಗಳು ಮುಂದಿನ ಪ್ರಾಶಸ್ತ್ಯಕ್ಕೆ ಹೋಗುತ್ತವೆ. 2 ಎಂದು ಬರೆದರೆ 1ಕ್ಕೆ ಪೆಟ್ಟು ಬೀಳುತ್ತದೆ ಎಂಬ ಭಯ ಬೇಡ. ಇಬ್ಬರಿಗೆ 1 ಹಾಕಿದರೆ, ಚೀಟಿಯ ಮೇಲೆ ಹೆಸರು ಬರೆದರೆ ಮಾತ್ರ ಓಟು ಕುಲಗೆಡುತ್ತದೆ. ಗುರುತಿಗೆ ಪಾಸ್‌ಪೋರ್ಟ್ ಜತೆಗಿರಲಿ.

ಪೌರತ್ವಕ್ಕೆ ಏನೂ ಆಗುವುದಿಲ್ಲ. ನಮ್ಮ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರಷ್ಟೇ ಅದು ಹೋಗುವುದು. ಊರಿನ ಓಟೂ ಬೇಕಿದ್ದರೆ ನಮೂನೆ 6ಎ ತುಂಬಿ ಅನಿವಾಸಿ ಮತದಾರಳಾಗಿ ನೋಂದಾಯಿಸಲಿ. ಆದರೆ ಮತದಾನದ ದಿನ ಮೂಲ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಬರಬೇಕು. ಡಬ್ಲಿನ್‌ನಲ್ಲಿ ಪಾಳಿ ಮಾಡುವವರಿಗೆ ಇದು ಎಷ್ಟು ಕಷ್ಟ ಎಂದು ಹೇಳಬೇಕಾಗಿಲ್ಲ. ಈ ನಿಯಮ ಬದಲಾಗಲೇಬೇಕು.

ಪ್ರಶ್ನೆ: ಲಂಡನ್‌ನಲ್ಲಿರುವ ನನ್ನ ತಮ್ಮ ಭಾರತದ ಪ್ರಜೆ, ಪಾರ್ಲಿಮೆಂಟ್‌ಗೇ ಓಟು ಹಾಕಿದನಂತೆ. ಹೇಗೆ?
– ಓದುಗರು, ಧಾರವಾಡ

ಉತ್ತರ: ಕಾಮನ್‌ವೆಲ್ತ್ ದೇಶಗಳವರಿಗೆ, ಅಲ್ಲಿರಲು ಸಕ್ರಮ ಅನುಮತಿಯಿದ್ದರೆ, ಬ್ರಿಟನ್‌ನಲ್ಲಿ ಸ್ಥಳೀಯ ಓಟೂ ಇದೆ, ಪಾರ್ಲಿಮೆಂಟ್ ಓಟೂ ಇದೆ. ಇಂಗ್ಲೆಂಡಿನ ಮತಗಟ್ಟೆಗಳಲ್ಲಿ 2023ರಿಂದ ಫೋಟೊ ಗುರುತು ಕಡ್ಡಾಯ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.

ಪ್ರಶ್ನೆ: ನನ್ನ ಅಳಿಯ ಅಮೆರಿಕದ ಪ್ರಜೆ. ಒಸಿಐ (ಭಾರತದ ನಂಟಿರುವ ವಿದೇಶಿ ಪ್ರಜೆಗಳಿಗೆ ಕೊಡುವ) ಕಾರ್ಡ್ ಇದೆ, ಮೈಸೂರಿನಲ್ಲೇ ಮನೆ, ಆಧಾರ್ ಕೂಡ ಆಗಿದೆ. ಪಾಲಿಕೆ ಚುನಾವಣೆಗಾದರೂ ಹೆಸರು ಸೇರಿಸಬಹುದೇ?
– ಓದುಗರು, ಮೈಸೂರು

ಉತ್ತರ: ಇಲ್ಲ. ಒಸಿಐ ಎಂದರೆ ಪೌರತ್ವವಲ್ಲ. ಮತದಾರರಾಗುವ ಹಕ್ಕು ಅದರಲ್ಲಿಲ್ಲ ಎಂದು ಪೌರತ್ವ ಕಾಯ್ದೆಯ 7ಬಿ ಸೆಕ್ಷನ್ ನೇರವಾಗಿ ಹೇಳುತ್ತದೆ. ಆಧಾರ್ ವಾಸಕ್ಕೆ ಸಂಬಂಧಿಸಿದ್ದು, ಪೌರತ್ವಕ್ಕೆ ಅಲ್ಲ. ಮತಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6ರಲ್ಲಿ ‘ನಾನು ಭಾರತದ ಪ್ರಜೆ’ ಎಂಬ ಘೋಷಣೆಯಿದೆ. ಯಾರೋ ಸೈಬರ್‌ ಸೆಂಟರ್‌ನವರು ತುಂಬಿಕೊಟ್ಟರೆಂದು ಅದಕ್ಕೆ ಸಹಿ ಹಾಕಬೇಡಿ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಇದೆ. ಈಗಾಗಲೇ ಹೆಸರು ಸೇರಿದ್ದರೆ ನಮೂನೆ 7 ಕೊಟ್ಟು ತೆಗೆಸಿ.