ನಮ್ಮ ರೋಗನಿರೋಧಕ ಕೋಶಗಳು ನಮ್ಮ ದೇಹದ ಮೇಲೆಯೇ ಏಕೆ ತಿರುಗಿಬೀಳುವುದಿಲ್ಲ?

ತಿರುಗಿಬೀಳಬಲ್ಲ ಟಿ ಕೋಶಗಳು (ರೋಗನಿರೋಧಕ ಕೋಶಗಳ ಒಂದು ಬಗೆ) ಆರೋಗ್ಯವಂತರಲ್ಲೂ ಇರುತ್ತವೆ. ಅವುಗಳಲ್ಲಿ ಬಹುಪಾಲನ್ನು, ಟಿ ಕೋಶಗಳು ಬಲಿಯುವ ಥೈಮಸ್ ಗ್ರಂಥಿ ಮೊದಲೇ ನಾಶಮಾಡುತ್ತದೆ. ತಪ್ಪಿಸಿಕೊಂಡವನ್ನು ಹದ್ದುಬಸ್ತಿನಲ್ಲಿಡುವುದರಲ್ಲಿ ಕೋಶದ ಮೇಲ್ಮೈಯ ತಡೆಗ್ರಾಹಕಗಳಿಗೆ, ಅಂದರೆ ಕೋಶ ಕೆರಳದಂತೆ ತಡೆಯುವ ಪ್ರೋಟೀನುಗಳಿಗೆ, ದೊಡ್ಡ ಪಾಲಿದೆ.

ಟಿ ಕೋಶ ಕೆರಳಲು ಎರಡು ಸಂಕೇತಗಳು ಬೇಕು: ಗುರಿಯ ಗುರುತು, ಜೊತೆಗೆ ಸಿಡಿ28 ಗ್ರಾಹಕದ ಮೂಲಕ ಬರುವ ಒಪ್ಪಿಗೆ. ಸಿಟಿಎಲ್‌ಎ-4 ಎಂಬ ತಡೆಗ್ರಾಹಕ, ಸಿಡಿ28ಕ್ಕೆ ಸಿಗಬೇಕಾದ ಅಣುಗಳನ್ನು ಅದಕ್ಕಿಂತ ಬಿಗಿಯಾಗಿ ಹಿಡಿದುಕೊಂಡು ಆ ಒಪ್ಪಿಗೆಯನ್ನೇ ಕಸಿಯುತ್ತದೆ. ಪಿಡಿ-1 ಎಂಬ ಇನ್ನೊಂದು ತಡೆಗ್ರಾಹಕದ ದಾರಿ ಬೇರೆ. ಅಂಗಾಂಶದ ಕೋಶಗಳು ತೋರಿಸುವ ಪಿಡಿ-ಎಲ್1 ಎಂಬ ಪ್ರೋಟೀನು ಅದಕ್ಕೆ ಅಂಟಿಕೊಂಡಾಗ, ಟಿ ಕೋಶದೊಳಗೆ ಚಾಚಿರುವ ಅದರ ಬಾಲಕ್ಕೆ ಎಸ್‌ಎಚ್‌ಪಿ-2 ಎಂಬ ಕಿಣ್ವ ಬಂದು ಸೇರುತ್ತದೆ. ಸಂಕೇತ ಸಾಗಿಸುವ ಪ್ರೋಟೀನುಗಳ ಮೇಲಿನ ಫಾಸ್ಫೇಟನ್ನು ಕಿತ್ತುಹಾಕುತ್ತದೆ. ಕೆರಳುವಿಕೆ ಅಲ್ಲಿಗೇ ತಣಿಯುತ್ತದೆ.

ಇದೆಷ್ಟು ಮುಖ್ಯವೆನ್ನುವುದಕ್ಕೆ ಇಲಿಗಳೇ ಸಾಕ್ಷಿ. ಸಿಟಿಎಲ್‌ಎ-4 ವಂಶವಾಹಿ ಇಲ್ಲದೆ ಹುಟ್ಟಿದ ಮರಿಗಳು ಮೂರು-ನಾಲ್ಕು ವಾರಗಳಲ್ಲಿ ಸಾಯುತ್ತವೆ. ಟಿ ಕೋಶಗಳು ಅವುಗಳ ಹೃದಯ, ಮೇದೋಜ್ಜೀರಕ ಗ್ರಂಥಿಗಳಿಗೂ ನುಗ್ಗಿರುತ್ತವೆ.

ಕ್ಯಾನ್ಸರ್ ಗಡ್ಡೆಗಳೂ ಪಿಡಿ-ಎಲ್1 ತೋರಿಸಿ ಪಾರಾಗುವುದುಂಟು. ಈ ತಡೆಯನ್ನು ತೆಗೆಯುವ ಚಿಕಿತ್ಸೆಗೆ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರಲ್ಲಿ ನೊಬೆಲ್ ಪಡೆದರು. ತಡೆ ತೆಗೆದಾಗ ಟಿ ಕೋಶಗಳು ದೇಹದ ಮೇಲೆಯೂ ತಿರುಗಿಬೀಳಬಹುದು. ಹಾಗಾಗಿ ಅಂಥ ಔಷಧ ಪಡೆಯುತ್ತಿರುವವರು ಭೇದಿ, ಚರ್ಮದ ದದ್ದು, ವಿಪರೀತ ಸುಸ್ತು ಕಂಡರೆ ಸಹಿಸಿಕೊಂಡು ಕೂರದೆ ಕೂಡಲೇ ವೈದ್ಯರಿಗೆ ತಿಳಿಸಬೇಕು.