ಸ್ವಿಚ್ ವಿಳಾಸ ಕಲಿಯುವುದು ಹೇಗೆ, ವೇಗ ನಿರ್ಧಾರವಾಗುವುದು ಹೇಗೆ?

ಪುಣೆಯ ಭೋಸರಿಯ ನಿಮ್ಮ ಕಾರ್ಖಾನೆಯಲ್ಲಿ ಹಳೆಯ ಪಿಎಲ್‌ಸಿಯನ್ನು (ಯಂತ್ರವನ್ನು ನಿಯಂತ್ರಿಸುವ ಕಂಪ್ಯೂಟರ್) ಹೊಸ ಸ್ವಿಚ್‌ಗೆ (ಜಾಲದ ಸಾಧನಗಳನ್ನು ಬೆಸೆಯುವ ಪೆಟ್ಟಿಗೆ) ಜೋಡಿಸಿದಾಗ ಪಿಂಗ್ (ಸಂಪರ್ಕ ಪರೀಕ್ಷೆಯ ಪುಟ್ಟ ಸಂದೇಶಕ್ಕೆ ಉತ್ತರ) ಬರುತ್ತದೆ, ಆದರೆ ಯಂತ್ರ ಓಡುವಾಗ ಸಂಪರ್ಕ ಕಡಿಯುತ್ತದೆ, ಏಕೆ ಎಂದು ಕೇಳಿದ್ದೀರಿ.

ವಿಳಾಸದ ಕಲಿಕೆ ಇಲ್ಲಿ ಕಾರಣವಾಗಿರಲಾರದು. ಒಳಬರುವ ಪ್ರತಿ ಫ್ರೇಮ್‌ನಿಂದ (ದತ್ತಾಂಶದ ಕಂತೆ) ಕಳುಹಿಸಿದ ಸಾಧನದ 48 ಬಿಟ್ ಮ್ಯಾಕ್ ವಿಳಾಸವನ್ನು (ಜಾಲದಲ್ಲಿ ಸಾಧನದ ಗುರುತು) ಓದಿ, ಅದು ಬಂದ ಪೋರ್ಟ್‌ನೊಂದಿಗೆ (ಕೇಬಲ್ ಸಿಕ್ಕಿಸುವ ಕಿಂಡಿ) ಕೋಷ್ಟಕದಲ್ಲಿ ದಾಖಲಿಸಿಕೊಳ್ಳುವ ಸ್ವಿಚ್, ತಲುಪಬೇಕಾದ ವಿಳಾಸ ಅಲ್ಲಿ ಸಿಗದಿದ್ದರೆ ಫ್ರೇಮನ್ನು ಉಳಿದೆಲ್ಲ ಪೋರ್ಟ್‌ಗಳಿಗೂ ಕಳುಹಿಸುತ್ತದೆ. ಸಾಮಾನ್ಯವಾಗಿ 300 ಸೆಕೆಂಡು ಸದ್ದಿಲ್ಲದ ವಿಳಾಸವನ್ನು ಅಳಿಸುತ್ತದೆ.

ನನ್ನ ಅನುಮಾನ ವೇಗದ ಹೊಂದಾಣಿಕೆಯ ಮೇಲಿದೆ. ಆಟೋ ನೆಗೋಶಿಯೇಶನ್‌ನಲ್ಲಿ ಎರಡೂ ತುದಿಗಳು ಕಿರು ವಿದ್ಯುತ್ ಸ್ಪಂದನಗಳ ಮೂಲಕ ತಮ್ಮ ಸಾಮರ್ಥ್ಯವನ್ನು ತಿಳಿಸಿ, ಇಬ್ಬರಿಗೂ ಸಾಧ್ಯವಾದ ಅತ್ಯುತ್ತಮ ವಿಧಾನವನ್ನು ಒಪ್ಪಿಕೊಳ್ಳುತ್ತವೆ. ಆದರೆ ಪಿಎಲ್‌ಸಿಯನ್ನು ಯಾರೋ 100 ಫುಲ್ ಡುಪ್ಲೆಕ್ಸ್‌ಗೆ (ಸೆಕೆಂಡಿಗೆ 100 ಮೆಗಾಬಿಟ್ ವೇಗ, ಏಕಕಾಲಕ್ಕೆ ಎರಡೂ ದಿಕ್ಕಿನ ಸಂಚಾರ) ಕೈಯಾರೆ ಕಟ್ಟಿಹಾಕಿದ್ದರೆ ಅದು ಮಾತುಕತೆಗೇ ಬರುವುದಿಲ್ಲ. ಆಗ ಸ್ವಿಚ್ ಸಂಕೇತವನ್ನು ನೋಡಿ 100 ಎಂಬ ವೇಗವನ್ನಷ್ಟೇ ಗುರುತಿಸಿ, ಡುಪ್ಲೆಕ್ಸ್ ತಿಳಿಯದ ಕಾರಣ ನಿಯಮದಂತೆ ಹಾಫ್‌ಗೆ (ಒಮ್ಮೆಗೆ ಒಂದೇ ದಿಕ್ಕಿನ ಸಂಚಾರ) ಇಳಿಯುತ್ತದೆ. ಹಸಿರು ದೀಪ ಉರಿಯುತ್ತಲೇ ಇರುವುದರಿಂದ ತಂತ್ರಜ್ಞರು ಕೇಬಲ್ ಬದಲಿಸುತ್ತಾ ಇಡೀ ಪಾಳಿಯನ್ನು ಕಳೆಯುವುದುಂಟು, ಇದು ನಿಜಕ್ಕೂ ಬೇಸರದ ಸಂಗತಿ. ಪಿಂಗ್‌ನ ಹಗುರ ಸಂಚಾರ ದಾಟಿಹೋಗುತ್ತದೆ, ಎರಡೂ ಕಡೆಯಿಂದ ದತ್ತಾಂಶ ಒಟ್ಟಿಗೆ ಹರಿದಾಗ ಡಿಕ್ಕಿಯಾಗುತ್ತದೆ.

ಸ್ವಿಚ್‌ನ ಪೋರ್ಟ್ ಪುಟದಲ್ಲಿ ‘100 ಹಾಫ್’ ಎಂದಿದ್ದು, ಲೇಟ್ ಕೊಲಿಷನ್ (ತಡವಾಗಿ ಪತ್ತೆಯಾಗುವ ಡಿಕ್ಕಿ) ಎಣಿಕೆ ಏರುತ್ತಿದ್ದರೆ ದೋಷ ಇದೇ. ಎರಡೂ ತುದಿಗಳನ್ನು ಆಟೋದಲ್ಲಿಡಿ, ಇಲ್ಲವೇ ಎರಡನ್ನೂ 100 ಫುಲ್‌ಗೆ ಕಟ್ಟಿರಿ.